ಕೊಂಡಿ ಹಾಕುವವರು ಯಾರು?

ಕಳೆದ ದೀಪಾವಳಿಗೆ ಇಳಕಲ್ಲಿನ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ಬಿ.ಕಾಂ. ಮುಗಿಸಿ ವರ್ಷ ದಾಟಿದೆ. ಯಾವುದೋ ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕಬೇಕೆಂದು ಅಂಕಪಟ್ಟಿಗಳನ್ನೆಲ್ಲ ಚಾಪೆಯ ಮೇಲೆ ಹರವಿಕೊಂಡು ಕೂತಿದ್ದಳು. ಮೇಷ್ಟ್ರಗಿತ್ತಿಯ ಚಟ ಬಿಡುತ್ತದೆಯೇ? ಕನ್ನಡಕ ಏರಿಸಿ ಒಂದೊಂದೇ ಎತ್ತಿ ನೋಡತೊಡಗಿದೆ. ಲೆಕ್ಕಶಾಸ್ತ್ರ, ವ್ಯವಹಾರ ನಿರ್ವಹಣೆ, ಕನ್ನಡ, ಇಂಗ್ಲಿಷು, ಯೋಗ, ಕಂಪ್ಯೂಟರು... ಇವೆಲ್ಲದರ ನಡುವೆ ಜಾತ್ರೆಯಲ್ಲಿ ದಾರಿ ತಪ್ಪಿದ ಕೂಸಿನಂತೆ ಒಂದು ಹೆಸರು: 'ಪುರಾತತ್ತ್ವಶಾಸ್ತ್ರ ಪರಿಚಯ'. ಅರವತ್ತಕ್ಕೆ ನಲವತ್ತೊಂಬತ್ತು ಅಂಕ.

ನನಗೆ ಖುಷಿಯಾಯಿತು. ನಾನು ಸಮಾಜ ವಿಜ್ಞಾನ ಕಲಿಸುವವಳು, ಬಿ.ಎ.ಯಲ್ಲಿ ಇತಿಹಾಸ ಓದಿದವಳು.

"ಐಹೊಳಿಗೆ ಕರಕೊಂಡು ಹೋಗಿದ್ರೇನವಾ?" ಎಂದೆ.

"ಇಲ್ಲ ದೊಡ್ಡವ್ವ. ನೋಟ್ಸ್ ಕೊಟ್ಟಿದ್ರು."

"ಬಾದಾಮಿಗೆ?"

"ಅದೂ ನೋಟ್ಸಿನ್ಯಾಗ ಇತ್ತು."

ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಅಮೀನಗಡ ದಾಟಿದರೆ ಐಹೊಳೆ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟರೆ ಎಲ್ಲ ನೋಡಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದು. ಪುರಾತತ್ತ್ವವೇ ನಡೆದಾಡುವ ನೆಲದಲ್ಲಿ ಕೂತು ನಮ್ಮ ಹುಡುಗಿ ಪುರಾತತ್ತ್ವವನ್ನು ಝೆರಾಕ್ಸ್ ಹಾಳೆಯಲ್ಲಿ ಓದಿದ್ದಳು. ಅದರ ಲೆಕ್ಕ ಅವಳ ಲೆಕ್ಕಶಾಸ್ತ್ರಕ್ಕೂ ಗೊತ್ತಿಲ್ಲ, ಅವಳ ಲೆಕ್ಕಶಾಸ್ತ್ರದ ಸುದ್ದಿ ಆ ಪುರಾತತ್ತ್ವಕ್ಕೂ ಗೊತ್ತಿಲ್ಲ. ಎರಡೂ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು, ಒಂದು ಮಾತೂ ಆಡದೆ, ತಮ್ಮ ತಮ್ಮ ಊರು ಬಂದಾಗ ಇಳಿದು ಹೋಗಿದ್ದವು.

ಇದಕ್ಕೆ ವಿದ್ವಾಂಸರು ಇಟ್ಟ ಹೆಸರು 'ಅಂತರ್‌ಶಿಸ್ತೀಯ ಅಧ್ಯಯನ'. ಬಾಯಿ ತಿರುಗದ ಹೆಸರು, ಇರಲಿ. ಒಂದು ವಿಷಯದ ಬೇಲಿ ಹಾರಿ ಇನ್ನೊಂದು ವಿಷಯದ ಹೊಲಕ್ಕೆ ಹೋಗಿ, ಅಲ್ಲಿಂದ ಏನಾದರೂ ತಂದು ಎರಡನ್ನೂ ಕೂಡಿಸಿ ತಿಳಿಯುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. 2021ರ ಆಗಸ್ಟಿನಲ್ಲಿ ನಮ್ಮ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಲ್ಲಿ ಜಾರಿಗೆ ತಂದಾಗ, ದೇಶದಲ್ಲಿ ನಾವೇ ಮೊದಲು ಎಂದು ಹೇಳಿಕೊಂಡಾಗ, ಅದರೊಳಗೆ ಈ ಮಾತೂ ಇತ್ತು. ನಾಲ್ಕು ವರ್ಷದ ಪದವಿ, ನಡುವೆ ಬಿಟ್ಟರೆ ಒಂದೊಂದು ವರ್ಷಕ್ಕೆ ಒಂದೊಂದು ಪ್ರಮಾಣಪತ್ರ, ಜೊತೆಗೆ 'ಮುಕ್ತ ಆಯ್ಕೆ' ಎಂಬ ಮೂರು ಕ್ರೆಡಿಟ್ಟಿನ ಪತ್ರಿಕೆ. ವಾಣಿಜ್ಯದವರು ಕಲೆಯದನ್ನು, ಕಲೆಯವರು ವಿಜ್ಞಾನದ್ದನ್ನು ಓದಬಹುದು. ಪತ್ರಿಕೆಯಲ್ಲಿ ಇದನ್ನು ಓದಿದ ದಿನ ನಾನು ನಮ್ಮ ಮನೆಯವರಿಗೆ ಎರಡು ಸಲ ಓದಿ ಹೇಳಿದ್ದೆ. "ಇದು ಮೂವತ್ತು ವರ್ಷ ತಡಾ ಆತು" ಎಂದು ಅವರು ಸುಮ್ಮನಾದರು. ಆ ಸುಮ್ಮನಾಗುವುದರ ಹಿಂದೆ ಒಂದು ಕಥೆ ಇದೆ. ಹೇಳಿಕೊಳ್ಳಲು ಈಗಲೂ ಮುಜುಗರ, ಆದರೂ ಹೇಳದಿದ್ದರೆ ನನ್ನ ಮಾತಿಗೆ ಬುಡವಿಲ್ಲ.

ನಮ್ಮ ಮಾವನವರ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಹೊಲ ಘಟಪ್ರಭೆಯ ದಂಡೆಗೆ. ಆಲಮಟ್ಟಿಯ ಹಿನ್ನೀರಿಗೆ ಎರಡೂ ಹೋದವು. 'ಮುಳುಗಡೆ' ಎಂಬ ಒಂದು ಶಬ್ದ ಹೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಬೇರೆ ವಿವರ ಬೇಡ. ಕಟ್ಟೆ, ತುಳಸಿ, ಒಲೆ, ನೆರೆಹೊರೆ ಎಲ್ಲ ಅದರೊಳಗೇ ಬಂತು. ಭೂಸ್ವಾಧೀನದ ನೋಟೀಸು ಬಂದ ದಿನ ಮಾವನವರು ಅದನ್ನು ತಂದು ಪಡಸಾಲೆಯಲ್ಲಿ ನಮ್ಮ ಮುಂದಿಟ್ಟರು. ಅವರು ಹಳೆಯ ಮುಲ್ಕಿ ಪರೀಕ್ಷೆ ಪಾಸಾದವರು. "ಮೂರು ಡಿಗ್ರಿ ಅದಾವ ಮನ್ಯಾಗ. ಓದಿ ಹೇಳ್ರಿ" ಎಂದರು.

ನಮ್ಮ ಮನೆಯವರು ಬಿ.ಎಸ್ಸಿ., ಮೈದುನ ಬಿ.ಕಾಂ., ನಾನು ಬಿ.ಎ., ಬಿ.ಎಡ್. ಮೂವರೂ ಮುಖ ಗಂಟಿಕ್ಕಿ ಓದಿದೆವು. ಹೆಕ್ಟೇರು-ಆರುಗಳಲ್ಲಿದ್ದ ಕ್ಷೇತ್ರವನ್ನು ನಮ್ಮವರು ಎಕರೆ-ಗುಂಟೆಗೆ ತಿರುಗಿಸಿದರು. ಮೈದುನ ಮೊತ್ತಗಳನ್ನೆಲ್ಲ ಕೂಡಿಸಿ ನೋಡಿ, ಒಂದು ಪೈಸೆಯೂ ತಪ್ಪಿಲ್ಲ ಎಂದ. ಕಚೇರಿಯ ಆ ಕಲ್ಲುಗನ್ನಡವನ್ನು ಬಿಡಿಸಿ ಮಾವನವರಿಗೆ ಅರ್ಥ ಹೇಳಿದವಳು ನಾನು. ಬಾವಿಯಿದ್ದ ಹೊಲ ಅದರಲ್ಲಿ 'ಖುಷ್ಕಿ' ಎಂದು ದಾಖಲಾಗಿತ್ತು. ಖುಷ್ಕಿ ಎಂದರೆ ಮಳೆ ನಂಬಿದ ಜಮೀನು ಎಂದು ಶಬ್ದಾರ್ಥವನ್ನೂ ಹೇಳಿದೆ! ಶಬ್ದಾರ್ಥ ಗೊತ್ತಿತ್ತು, ಆ ಒಂದು ಶಬ್ದದಿಂದ ದರ ಎಷ್ಟು ಇಳಿಯುತ್ತದೆ, ಅದಕ್ಕೆ ಯಾರ ಹತ್ತಿರ ಏನು ಹೇಳಬೇಕು ಎಂಬುದು ನಮ್ಮ ಮೂವರ ಯಾವ ಪಠ್ಯದಲ್ಲೂ ಇರಲಿಲ್ಲ. ಹಣ ಬಂದ ದಿನ ಮಾವನವರು ಸಹಿ ಮಾಡಿ ತೆಗೆದುಕೊಂಡರು.

ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಪರಿಹಾರ ಕಡಿಮೆಯಾಯಿತು ಎನ್ನುವವರು ಅದರ 18ನೆಯ ಕಲಮಿನಂತೆ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಆದರೆ ಹಣ ಪಡೆಯುವಾಗ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ಹೇಳಿ ಪಡೆದಿರಬೇಕು. ಸುಮ್ಮನೆ ಸಹಿ ಮಾಡಿದವರಿಗೆ ಆ ಬಾಗಿಲು ಮುಚ್ಚಿತು. ನೆರೆಯ ಹೊಲದವರು ಆ ಎರಡು ಶಬ್ದ ಬರೆದಿದ್ದರು. ಕೋರ್ಟಿನಲ್ಲಿ ಅವರಿಗೆ ಹೆಚ್ಚು ಸಿಕ್ಕಿತು. ಅಂಥ ತೀರ್ಪು ಬಂದ ಮೂರು ತಿಂಗಳೊಳಗೆ, ಸುಮ್ಮನಿದ್ದ ನಮ್ಮಂಥವರೂ ಅದೇ ದರ ಕೇಳಿ ಅರ್ಜಿ ಹಾಕಲು ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಅದು ನಮಗೆ ತಿಳಿಯುವ ಹೊತ್ತಿಗೆ ಆ ಮೂರು ತಿಂಗಳೂ ಮುಗಿದಿದ್ದವು. ಮಾವನವರು ನಮ್ಮನ್ನು ಬೈಯಲಿಲ್ಲ. ನವನಗರದ ಹೊಸ ಮನೆಯ ಕಟ್ಟೆಯ ಮೇಲೆ ಕೂತು ಒಂದು ದಿನ ಇಷ್ಟೇ ಅಂದರು: "ಓದಿದವರು ಮೂರು ಮಂದಿ ಇದ್ರಿ. ಕಾಗದಾ ಒಂದ ಇತ್ತು."

ಈಗ ನೋಡಿ, ನಮ್ಮ ಮೂವರಲ್ಲಿ ಯಾರೂ ದಡ್ಡರಲ್ಲ. ಅವರವರ ಪಾಲಿನದನ್ನು ಅವರವರು ಸರಿಯಾಗಿಯೇ ಮಾಡಿದೆವು. ಅಳತೆ ಸರಿ, ಮೊತ್ತ ಸರಿ, ಭಾಷೆ ಸರಿ. ಸಹಿ ಮಾತ್ರ ತಪ್ಪು. ನಾವು ಓದಿದ್ದು ತೊಂಬತ್ತರ ದಶಕಕ್ಕೆ ಆಚೀಚೆ, ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ. ಪಿ.ಯು.ಸಿ.ಗೆ ಬಂದಾಗ ಒಂದು ಬಾಗಿಲಿನೊಳಗೆ ಹೊಕ್ಕರೆ ಉಳಿದ ಬಾಗಿಲುಗಳಿಗೆ ಹೊರಗಿನಿಂದ ಕೀಲಿ. ವಿಜ್ಞಾನದವರು ನಮ್ಮನ್ನು ಕಂಡು ನಗುತ್ತಿದ್ದರು. ನಾವು ಅವರಿಗೆ ಕವಿತೆ ತಿಳಿಯುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಸಂಸಾರ ಮಾತ್ರ ನಮ್ಮ ಹತ್ತಿರ ಬಂದಾಗ ಕಲೆ, ವಿಜ್ಞಾನ, ವಾಣಿಜ್ಯ ಎಂದು ಬೇರೆ ಬೇರೆ ಬರಲಿಲ್ಲ. ಆಸ್ಪತ್ರೆಯ ಬಿಲ್ಲು, ವಿಮೆಯ ಕಾಗದ, ಮಗಳ ಹೆಸರಿಗೆ ಆಸ್ತಿ, ಹೊಲಕ್ಕೆ ಹೊಡೆಯುವ ಔಷಧ... ಎಲ್ಲವೂ ಕಲಸಿಕೊಂಡೇ ಬಂದವು.

ಹೀಗಿರುವಾಗ 2021ರ ಬದಲಾವಣೆಯನ್ನು ನಾನು ಸ್ವಾಗತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ನಮ್ಮಂಥ ಊರುಗಳಿಗೆ ಬಂದದ್ದು ಹೇಗೆ? 'ಮುಕ್ತ ಆಯ್ಕೆ' ಎಂದರೆ ಹುಡುಗಿಗೆ ಬೇಕಾದ್ದನ್ನು ಆರಿಸಿಕೊಳ್ಳುವುದು ಎಂದು ನಾವು ತಿಳಿದಿದ್ದೆವು. ನಡೆದದ್ದು ಬೇರೆ. ನನಗೆ ಪರಿಚಯದ ಉಪನ್ಯಾಸಕಿಯರು ಹೇಳುವ ಪ್ರಕಾರ, ಯಾವ ವಿಭಾಗದವರಿಗೆ ಪಾಠದ ತಾಸು ಕಡಿಮೆ ಬಿದ್ದಿದೆಯೋ ಅವರ ವಿಷಯವೇ ಆ ವರ್ಷದ ಮುಕ್ತ ಆಯ್ಕೆ. ತಂಗಿಯ ಮಗಳಿಗೆ ಪುರಾತತ್ತ್ವ ಬಂದದ್ದೂ ಅವಳ ಆಸಕ್ತಿಯಿಂದಲ್ಲ, ವೇಳಾಪಟ್ಟಿಯಿಂದ. ಮೂರು ವಿಭಾಗದ ಹುಡುಗ ಹುಡುಗಿಯರನ್ನು ಒಂದೇ ದೊಡ್ಡ ಕೋಣೆಯಲ್ಲಿ ತುಂಬಿ, ಅವರಲ್ಲಿ ಯಾರು ಏನು ಬಲ್ಲರು ಎಂದು ಕೇಳದೆ, ಎಲ್ಲರಿಗೂ ಒಂದೇ ಟಿಪ್ಪಣಿ. ಅಷ್ಟರಲ್ಲಿ ಆ ಮೊದಲ ವರ್ಷವೇ, ಡಿಸೆಂಬರ್ ಹೊತ್ತಿಗೆ, ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದರು. ಅವರ ತಪ್ಪಿಲ್ಲ, ವರ್ಷವರ್ಷವೂ 'ಅತಿಥಿ'ಯಾಗಿಯೇ ಉಳಿದವರು ಎಷ್ಟು ದಿನ ಸುಮ್ಮನಿದ್ದಾರು? ಹೊಸ ನೀತಿಗೆ ಹೊಸ ಪಠ್ಯ ಬಂತು, ಹೊಸ ಅಂಕಪಟ್ಟಿ ಬಂತು. ಎರಡು ವಿಷಯಗಳನ್ನು ಬಲ್ಲ, ಅಥವಾ ಇನ್ನೊಂದು ವಿಷಯದವರ ಜೊತೆ ಕೂತು ಮಾತಾಡಬಲ್ಲ ಶಿಕ್ಷಕರು ಮಾತ್ರ ಯಾವ ಆದೇಶದ ಮೂಲಕವೂ ಬರಲಿಲ್ಲ.

ಶಿಕ್ಷಕರನ್ನು ದೂರುವಾಗ ನನ್ನ ಸೆರಗಿನ ಕೊಳೆಯನ್ನೂ ತೋರಿಸಬೇಕು.

ಸುಮಾರು ಹದಿನೈದು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆ. ಮೇಗುತಿ ಗುಡ್ಡ ಹತ್ತಿ, ರವಿಕೀರ್ತಿ ಕಟ್ಟಿಸಿದ ಜಿನಾಲಯದ ಗೋಡೆಯ ಮೇಲಿನ ಶಾಸನ ತೋರಿಸಿದೆ. ಹತ್ತೊಂಬತ್ತು ಸಾಲು, ಮೂವತ್ತೇಳು ಶ್ಲೋಕ. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳಗನ್ನಡದ್ದು. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದು ಇದರಲ್ಲಿದೆ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳಿಗೆ ಹೋಲಿಸಿಕೊಂಡಿದ್ದಾನೆ; ಹೀಗಾಗಿ ಕಾಳಿದಾಸ ಇದಕ್ಕಿಂತ ಹಿಂದಿನವನು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ. ಇಷ್ಟನ್ನು ಗಿಳಿಪಾಠ ಹೇಳಿ, ಕಾಲದ ಮಾತಿಗೆ ಬಂದೆ. ಶಾಸನದಲ್ಲಿ ವರ್ಷವನ್ನು ಎರಡು ಬಗೆಯಲ್ಲಿ ಹೇಳಿದೆ: ಭಾರತ ಯುದ್ಧದಿಂದ 3735 ವರ್ಷ ಕಳೆದಿವೆ ಎಂದು ಒಂದು; ಶಕ ವರ್ಷ 556 ಕಳೆದಿವೆ ಎಂದು ಇನ್ನೊಂದು. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 634.

ಒಬ್ಬ ಹುಡುಗಿ, ಹುನಗುಂದದ ಕಡೆಯ ಹಳ್ಳಿಯವಳು, ಅಂಗೈ ಮೇಲೆ ಪೆನ್ನಿನಿಂದ ಏನೋ ಬರೆಯುತ್ತಿದ್ದಳು. "ಅಕ್ಕೋರ, ಭಾರತ ಯುದ್ಧ ಯಾವಾಗ ಆತು ಅಂತ ಹಿಡೀತಾರ್ರೀ?" ಎಂದಳು. ಕಲಿಯುಗದ ಎಣಿಕೆ ಕ್ರಿ.ಪೂ. 3102ರಿಂದ ಎಂದು ನನಗೆ ಗೊತ್ತಿತ್ತು, ಹೇಳಿದೆ. ಆಕೆ ಕಳೆದು ನೋಡಿ, "ಹಂಗಾರ 3735ರಾಗ 3102 ಕಳೆದ್ರ 633 ಬರ್ತೈತ್ರಿ. ನೀವು 634 ಅಂದ್ರಿ. ಒಂದು ವರ್ಷ ಎಲ್ಲಿ ಹೋತ್ರೀ?" ಎಂದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೂ ಆಗುತ್ತಿತ್ತು. "ಅದು ಗಣಿತ. ನಾಳೆ ನಿಮ್ಮ ಗಣಿತದ ಸರ್‌ಗೆ ಕೇಳು" ಎಂದೆ. ಪಾಪದ ಹುಡುಗಿ, ನಿಜಕ್ಕೂ ಕೇಳಿದಳು. ಅವರು ಹೇಳಿದ್ದು: "ಅದು ಇತಿಹಾಸ. ನಿಮ್ಮ ಅಕ್ಕೋರನ್ನ ಕೇಳು." ಸ್ಟಾಫ್ ರೂಮಿನಲ್ಲಿ ನಾವಿಬ್ಬರೂ ಇದನ್ನು ಹೇಳಿಕೊಂಡು ನಕ್ಕೆವು. ಒಂದೇ ಮೇಜಿಗೆ ಎದುರುಬದುರು ಕೂತು ಚಹ ಕುಡಿಯುತ್ತಿದ್ದವರು, ಒಂದು ಹಾಳೆ ತೆಗೆದುಕೊಂಡು ಆ ಲೆಕ್ಕ ಮಾಡಲಿಲ್ಲ. ಹುಡುಗಿ ಮತ್ತೆ ಕೇಳಲಿಲ್ಲ. ಮದುವೆಯಾಗಿ ಸೊಲ್ಲಾಪುರದ ಕಡೆ ಹೋದಳೆಂದು ಕೇಳಿದೆ. ಆಕೆಗೆ ನಾನೊಂದು ವರ್ಷದ ಬಾಕಿದಾರಳು.

ಬಹಳ ಕಾಲದ ಮೇಲೆ ಉತ್ತರ ಸಿಕ್ಕಿತು. ಕ್ರಿ.ಪೂ. 1 ಆದಮೇಲೆ ನೇರ ಕ್ರಿ.ಶ. 1; ನಡುವೆ ಸೊನ್ನೆ ಎಂಬ ವರ್ಷ ಇಲ್ಲ. ಅದಕ್ಕೇ 3102ರ ಬದಲು 3101 ಕಳೆಯಬೇಕು. ಆಗ ಎರಡೂ ದಾರಿ 634ಕ್ಕೇ ಬಂದು ಸೇರುತ್ತವೆ. ಹದಿಮೂರು ಶತಮಾನಕ್ಕೂ ಹಿಂದಿನ ಒಬ್ಬ ಕವಿ ಶ್ಲೋಕದೊಳಗೆ ಅಂಕಿಗಳನ್ನು ಬಿಡಿಬಿಡಿಯಾಗಿ ಇಟ್ಟು, ಓದುವವರು ಕೂಡಿಸಿಕೊಳ್ಳಲಿ ಎಂದು ಬಿಟ್ಟುಹೋಗಿದ್ದಾನೆ. ಕಾವ್ಯ, ಗಣಿತ, ಚರಿತ್ರೆ ಅವನಿಗೆ ಒಂದೇ ಗೋಡೆಯ ಮೇಲಿದ್ದವು. ಅವನ್ನು ಮೂರು ಕೋಣೆಗೆ ಹಂಚಿದವರು ನಾವು.

ನಮ್ಮ ಈ ಸೀಮೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬಂದದ್ದೂ ಬೇಲಿ ಹಾರಿದವರಿಂದಲೇ. ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನು 1881ರಲ್ಲಿ ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಮುಂಬಯಿ ಸರ್ಕಾರದ ಕಂದಾಯದ ಅಧಿಕಾರಿ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿಯನ್ನು ನಾವು ಇಂದಿಗೂ ಆ ಬಂಡೆಗೇ ಹೋಗಿ ನೋಡಬೇಕು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಕಣಿವೆಗಳನ್ನು ತಿರುಗಿ 1876ರಲ್ಲಿ ಇಲ್ಲಿನ ಶಿಲೆಗಳ ಬಗ್ಗೆ ದೊಡ್ಡ ವರದಿ ಬರೆದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಆದರೆ 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಕಲ್ಲಿನ ಕೈಕೊಡಲಿಯೊಂದನ್ನು ಎತ್ತಿಕೊಂಡು ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನೂ ಅವನೇ. ಮಲಪ್ರಭೆಯ ಕಣಿವೆಯ ಹಳೆ ಶಿಲಾಯುಗದ ಬಗ್ಗೆ 1955ರಲ್ಲಿ ಪುಸ್ತಕ ಬರೆದ ಆರ್.ವಿ. ಜೋಶಿಯವರು ಹೊಳೆಯ ಉಸುಕು-ಹರಳಿನ ಪದರಗಳನ್ನೂ ಮನುಷ್ಯ ಮಾಡಿದ ಕಲ್ಲಿನ ಆಯುಧಗಳನ್ನೂ ಒಟ್ಟಿಗೇ ಓದಿದರು. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ತಂದದ್ದು ನಿಮಗೆ ಗೊತ್ತೇ ಇದೆ.

ಹೀಗೆ ಹೇಳಿದಾಗ ನನ್ನ ಗೆಳತಿಯೊಬ್ಬಳು, ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು, ನನ್ನ ಬಾಯಿ ಮುಚ್ಚಿಸಿದಳು. "ನೀ ಹೇಳಿದ ಮಂದಿ ಎಲ್ಲಾರೂ ಮೊದಲ ಒಂದು ವಿದ್ಯಾದಾಗ ಮುಳುಗಿ ಎದ್ದವರು. ಕಲ್ಲು ಬಲ್ಲವನಾಗಿದ್ದಕ್ಕs ಫೂಟ್‌ಗೆ ಅದು ತಾನಾಗಿ ಒಡೆದ ಕಲ್ಲಲ್ಲ, ಮನಷಾ ಒಡೆದದ್ದು ಅಂತ ತಿಳೀತು. ನಮ್ಮ ಹುಡುಗರಿಗೆ ಒಂದೂ ನೆಟ್ಟಗೆ ಬರೂದಿಲ್ಲ, ಹತ್ತು ರುಚಿ ತೋರಿಸಿ ಏನು ಮಾಡ್ತಿ?"

ಅವಳ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಒಂದು ವಿಷಯದಲ್ಲಾದರೂ ಬೇರು ಇಳಿಯದೆ ಹತ್ತರ ತಲೆ ಚಿವುಟಿದರೆ ಸಿಗುವುದು ಪಲ್ಯವೂ ಅಲ್ಲ, ಕೋಸಂಬರಿಯೂ ಅಲ್ಲ. ಹೊಸ ಪದ್ಧತಿಯ ದೊಡ್ಡ ದೋಷವೇ ಅದು: ರುಚಿ ತೋರಿಸುವುದನ್ನೇ ಊಟವೆಂದು ಬಗೆದದ್ದು. ಆದರೆ ಅವಳ ಮಾತಿನ ಉಳಿದರ್ಧ ನನಗೆ ಒಪ್ಪಿಗೆಯಿಲ್ಲ. 'ಮೊದಲು ಒಂದು ನೆಟ್ಟಗೆ ಕಲಿ, ಆಮೇಲೆ ಬೇರೆಯದು' ಎನ್ನುತ್ತೇವಲ್ಲ, ನಮ್ಮ ಹುಡುಗಿಯರಿಗೆ ಆ 'ಆಮೇಲೆ' ಎಂಬುದು ಎಲ್ಲಿ ಬರುತ್ತದೆ? ಪದವಿಯ ಕೊನೆಯ ವರ್ಷಕ್ಕೆ ಹೆಣ್ಣು ನೋಡಲು ಬರುತ್ತಾರೆ. ಫ್ಲೀಟನಿಗೆ ಕಚೇರಿ ಮುಗಿದ ಮೇಲೆ ಸಂಜೆಗಳಿದ್ದವು. ನಮ್ಮವರ ಸಂಜೆಗೆ ರೊಟ್ಟಿ ಬಡಿಯುವುದಿದೆ. ಅವರಿಗೆ ಸಿಗುವ ಬಿಡುವಿನ ಓದು ಎಂದರೆ ಆ ಮೂರು ವರ್ಷ ಮಾತ್ರ.

ಆ ಮೂರು ವರ್ಷದ ಮಾತಿಗೇ ಬಂದರೆ, 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗ ಕೊಟ್ಟ ಮಧ್ಯಂತರ ವರದಿಯಂತೆ ಮೂರು ವರ್ಷದ ಪದವಿ ಮರಳಿತು. ಈಗಾಗಲೇ ಸೇರಿದವರು ಬೇಕಾದರೆ ನಾಲ್ಕನೆಯ ವರ್ಷ ಓದಬಹುದು ಎಂದರು. 2025ರ ಆಗಸ್ಟಿನಲ್ಲಿ ಆ ಆಯೋಗ ತನ್ನ ಪೂರ್ತಿ ವರದಿಯನ್ನೂ ಕೊಟ್ಟಿತು. ನಾಲ್ಕನೆಯ ವರ್ಷ ಬಡವರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಭಾರ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ತಂಗಿಯ ಮಗಳೂ ಮೂರಕ್ಕೇ ನಿಲ್ಲಿಸಿದಳು. ನನ್ನ ತಕರಾರು ಬೇರೆ. ನಾನು ಓದಿದ ಪತ್ರಿಕೆಗಳಲ್ಲೆಲ್ಲ ವಾದ ನಡೆದದ್ದು ಮೂರೋ ನಾಲ್ಕೋ, ಕೇಂದ್ರದ್ದೋ ರಾಜ್ಯದ್ದೋ ಎಂಬುದರ ಮೇಲೆ. ಎರಡು ವಿಷಯದ ಮೇಷ್ಟ್ರು ಒಂದು ಕೋಣೆಯಲ್ಲಿ ಒಟ್ಟಿಗೆ ನಿಲ್ಲಬೇಕೋ ಬೇಡವೋ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ತರುವಾಗಲೂ ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. ಅತ್ತ ಬೆಂಗಳೂರು, ದಿಲ್ಲಿಗಳ ಸುತ್ತ ಲಕ್ಷಗಟ್ಟಲೆ ಶುಲ್ಕದ ಖಾಸಗಿ ವಿಶ್ವವಿದ್ಯಾಲಯಗಳು 'ಲಿಬರಲ್ ಆರ್ಟ್ಸ್' ಎಂಬ ಚೆಂದದ ಹೆಸರಿನಲ್ಲಿ ಇದನ್ನೇ ಮಾರುತ್ತಿವೆ. ಅಲ್ಲಿನ ಮಕ್ಕಳು ಗಣಿತದ ಜೊತೆ ಸಂಗೀತ ಓದಿದರೆ ಅದು ಪ್ರತಿಭೆ. ನಮ್ಮ ಹುಡುಗಿ ಲೆಕ್ಕಶಾಸ್ತ್ರದ ಜೊತೆ ಪುರಾತತ್ತ್ವ ಓದಿದರೆ ಅದು ವೇಳಾಪಟ್ಟಿಯ ಅವಾಂತರ!

ಹಾಗಾದರೆ ಹೇಗೆ ಮಾಡಬೇಕಿತ್ತು ಎಂದು ನೀವು ಕೇಳಬಹುದು. ದೊಡ್ಡ ಯೋಜನೆ ಹೇಳುವ ಯೋಗ್ಯತೆ ನನಗಿಲ್ಲ. ತಂಗಿಯ ಮನೆಯ ಮಗ್ಗದ ಮುಂದೆ ಕೂತು ನನಗೆ ಹೊಳೆದದ್ದನ್ನು ಹೇಳುತ್ತೇನೆ.

ಇಳಕಲ್ಲ ಸೀರೆಯನ್ನು ನಾವೆಲ್ಲ ಉಟ್ಟವರೇ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಶಿಮೆ. ಒಡಲಿನ ಒಂದೊಂದು ಎಳೆಯ ಕುಣಿಕೆಗೆ ಸೆರಗಿನ ಒಂದೊಂದು ಎಳೆಯ ಕುಣಿಕೆಯನ್ನು ಸಿಕ್ಕಿಸಿ ಜೋಡಿಸುತ್ತಾರೆ. ಅದಕ್ಕೇ ಕೊಂಡಿ ಎನ್ನುವುದು. ಹೀಗಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು, ಹೊಸದಾಗಿ ಕೊಂಡಿ ಹಾಕಬೇಕು. ತೋಪು ತೆನೆಯ ಸೆರಗನ್ನು ಕಂಡು ಎಲ್ಲರೂ ಮೆಚ್ಚುತ್ತಾರೆ. ಕೊಂಡಿಯನ್ನು ಯಾರೂ ನೋಡುವುದಿಲ್ಲ, ಅದು ಸಡಿಲಾದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಕಾಲೇಜಿನವರು ಒಡಲನ್ನೂ ಕೊಟ್ಟರು, ಸೆರಗನ್ನೂ ಕೊಟ್ಟರು.

ಆ ಊರಿನ ಕಾಲೇಜಿನಲ್ಲಿ ಒಂದು ಸೆಮಿಸ್ಟರಿಗೆ ಈ ಒಂದು ಸೀರೆಯನ್ನೇ ಪಠ್ಯವಾಗಿ ಇಟ್ಟಿದ್ದರೆ? ಒಂದು ಸೀರೆಗೆ ಎಷ್ಟು ನೂಲು, ಎಷ್ಟು ಕೂಲಿ, ಕಂಡಿಕೆ ಸುತ್ತುವ ಹೆಂಗಸಿನ ದುಡಿಮೆ ಲೆಕ್ಕದಲ್ಲಿ ಬರುತ್ತದೆಯೋ ಇಲ್ಲವೋ ಎಂದು ವಾಣಿಜ್ಯದ ಹುಡುಗಿಯರು ಬರೆಯಲಿ. ಕೆಂಪು ಬಣ್ಣ ರೇಶಿಮೆಗೆ ಹಿಡಿಯುವಂತೆ ಹತ್ತಿಗೆ ಯಾಕೆ ಹಿಡಿಯುವುದಿಲ್ಲ, ಬಣ್ಣದ ನೀರು ಎಲ್ಲಿ ಹರಿಯುತ್ತದೆ ಎಂದು ರಸಾಯನದವರು ನೋಡಲಿ. ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆಯಲ್ಲ, ಅದರಿಂದ ನೇಕಾರನಿಗೆ ಬಂದದ್ದೇನು, ಪವರ್‌ಲೂಮಿನವನನ್ನು ಅದು ತಡೆಯುತ್ತದೆಯೇ ಎಂದು ರಾಜ್ಯಶಾಸ್ತ್ರದವರು ಕೇಳಲಿ. ಸೀರೆಯ ಮೇಲಿನ ಹಾಡುಗಳನ್ನು ಕನ್ನಡದವರು ಕೂಡಿಸಲಿ. ಎಲ್ಲರೂ ತಮ್ಮ ತಮ್ಮ ವಿಷಯವನ್ನೇ ಗಟ್ಟಿಯಾಗಿ ಮಾಡಲಿ, ಆದರೆ ಒಂದೇ ಕೋಣೆಯಲ್ಲಿ, ಒಬ್ಬರ ಎದುರಿಗೆ ಒಬ್ಬರು ಕೂತು. ಹಳೇ ಬಾಗಲಕೋಟೆಯವರು ಒಂದು ಭೂಸ್ವಾಧೀನದ ನೋಟೀಸನ್ನೇ ಇಟ್ಟುಕೊಳ್ಳಬಹುದು. ಬಾದಾಮಿಯವರಿಗೆ ಇಡೀ ಊರೇ ಇದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ಮೂರನೆಯ ಗುಹೆಯನ್ನು ತೋರಿಸಿ 578, ಮಂಗಳೇಶ ಎಂದು ಬರೆಸಿದವಳೇ. ಈ ಕೆಂಪು ಮರಳುಗಲ್ಲು ಇಲ್ಲಿ ಹೇಗೆ ಬಂತು, ಉಳಿಗೆ ಅದು ಹೇಗೆ ಮಣಿಯಿತು ಎಂದು ಒಮ್ಮೆಯೂ ಕೇಳಿಸಿದವಳಲ್ಲ. ಇದಕ್ಕೆ ನಾಲ್ಕನೆಯ ವರ್ಷ ಬೇಡ. ಮೇಷ್ಟ್ರುಗಳು ಪರಸ್ಪರ 'ನನಗೆ ಗೊತ್ತಿಲ್ಲ, ನೀವು ಹೇಳಿ' ಎನ್ನುವಷ್ಟು ದೊಡ್ಡವರಾದರೆ ಸಾಕು. ಅದೇ ಕಷ್ಟ ಎಂದು ಸ್ವಂತ ಅನುಭವದಿಂದ ಬಲ್ಲೆ.

ಪಾಡ್ಯ ಮುಗಿದ ಮರುದಿನ ತಂಗಿಯ ಮಗಳನ್ನು ಕರೆದುಕೊಂಡು ಐಹೊಳೆಗೆ ಹೋದೆ. "ಪಾಸಾಗೇನಿ ದೊಡ್ಡವ್ವ, ಇನ್ಯಾಕ?" ಎಂದು ಗೊಣಗುತ್ತಲೇ ಬಂದಳು. ಮೇಗುತಿಯ ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಅವಳೇ ಕೈ ಹಿಡಿದಳು. ಗುಡಿಯ ಹಿಂದಿನ ಬಯಲಿನ ಕಲ್ಲುಗೋರಿಗಳನ್ನು ನೋಡಿ, "ಇವು ನಮ್ಮ ನೋಟ್ಸಿನ್ಯಾಗ ಇದ್ದವು. ಇಲ್ಲೇ ಅದಾವಂತ ಬರದಿದ್ದಿಲ್ಲ" ಎಂದು ಒಂದರ ಮೇಲೆ ಕೈಯಿಟ್ಟು ನಿಂತಳು. ಶಾಸನದ ಗೋಡೆಯ ಮುಂದೆ ನಾನು ಆ ಹಳೆಯ ಹುಡುಗಿಯ ಪ್ರಶ್ನೆಯನ್ನು ಇವಳ ಮುಂದಿಟ್ಟೆ. 3735, 3102, 634. ಒಂದು ವರ್ಷ ಎಲ್ಲಿ ಹೋಯಿತು? ಸೊನ್ನೆಯ ಮಾತನ್ನು ಹೇಳದೆ ಕಾದೆ.

ಅವಳು ಮೊಬೈಲು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬೆರಳು ಮಡಚುತ್ತ ನಿಂತು, "ಹಾಸು ಹೂಡುವಾಗ ಗೂಟಾ ಎಣಸಬಾರದು, ಸಂದು ಎಣಸು ಅಂತಾನ ಅಪ್ಪ. ಹತ್ತು ಗೂಟಕ್ಕ ಒಂಬತ್ತs ಸಂದು" ಎಂದಳು. "ಆಕಡೆ 3102 ಗೂಟಾ, ಈಕಡೆ 634 ಗೂಟಾ. ಕೂಡಿಸಿದ್ರ 3736. ಅದಕ್ಕ ಸಂದು 3735. ನಿನ್ನ ವರ್ಷಾ ಎಲ್ಲೂ ಹೋಗಿಲ್ಲ ದೊಡ್ಡವ್ವ, ನೀ ಗೂಟಾ ಎಣಸಿದಿ."

ನಾನು ಪುಸ್ತಕದಿಂದ ತಿಳಿಯಲು ಅಷ್ಟು ವರ್ಷ ತೆಗೆದುಕೊಂಡದ್ದನ್ನು ಅವಳು ಅಪ್ಪನ ಮಗ್ಗದಿಂದ ತೆಗೆದಿದ್ದಳು. ಆಮೇಲೆ ಗೋಡೆಯ ಕಲ್ಲನ್ನು ಉಗುರಿನಿಂದ ಕೆರೆದು, ಇದು ಈ ಗುಡ್ಡದ್ದೋ ಬೇರೆ ಕಡೆಯಿಂದ ತಂದದ್ದೋ ಎಂದು ಕೇಳಿದಳು. ಗೊತ್ತಿಲ್ಲವ್ವ ಎಂದೆ. ರಸಾಯನದ ಗೆಳತಿಗೆ ಅಲ್ಲಿಂದಲೇ ಫೋನು ಹಚ್ಚಿದರೆ ಅವಳು ಎತ್ತಲಿಲ್ಲ. ಇಳಿದು ಬಂದು ಬಸ್ಸು ಹಿಡಿದೆವು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುವಾಗ ಅವಳ ಫೋನು ಬಂತು. ಬಸ್ಸು ಹೊರಡುತ್ತಿತ್ತು, ಫೋನನ್ನು ಹುಡುಗಿಯ ಕೈಗೇ ಕೊಟ್ಟೆ. ಹುನಗುಂದ ಬರುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು.